ತೂಕದ ಕಾರ್ಡಿನಲ್ಲಿ ನಾನು ಇಟ್ಟ ಚುಕ್ಕೆಗಳು

ನನ್ನ ಕಾಯಿಲೆಗೆ ನಾನು ಮೊದಲು ಇಟ್ಟ ಹೆಸರು ಗ್ಯಾಸ್. ನಾಲ್ಕು ವರ್ಷ ಅದೇ ಹೆಸರಿನಲ್ಲಿ ಅದನ್ನು ಸಾಕಿದೆ. ವಾಡಿಯಲ್ಲಿ ನಮ್ಮ ಓಣಿಯ ಡಾಕ್ಟರ ಹತ್ತಿರ ಹೋದಾಗ "ಗ್ಯಾಸ್ ಆಗ್ಯಾದ್ರಿ" ಅಂದೆ. ಚಿತ್ತಾಪುರದಲ್ಲಿ ತೋರಿಸಿದಾಗ "ಗ್ಯಾಸೇ ಇರ್ಬೇಕ್ರಿ" ಅಂದೆ. ಅವರು ಗ್ಯಾಸಿನ ಗುಳಿಗೆ ಕೊಟ್ಟರು. ತಪ್ಪು ಅವರದಲ್ಲ. ದಿನಕ್ಕೆ ಐದಾರು ಸಲ ಹೋಗುತ್ತೇನೆ, ಹೋದದ್ದು ಎಣ್ಣೆ ಸವರಿದಂತೆ ನೀರಿನ ಮೇಲೆ ತೇಲುತ್ತದೆ, ಎರಡು ಬಕೆಟ್ ಹಾಕಿದರೂ ಸರಿಯುವುದಿಲ್ಲ, ವಾಸನೆಗೆ ಹೆದರಿ ಸಂಡಾಸದ ಕಿಟಕಿಯಲ್ಲಿ ಊದಿನಕಡ್ಡಿ ಸಿಕ್ಕಿಸಿಡುತ್ತೇನೆ ಎಂಬ ಮಾತು ನನ್ನ ಬಾಯಿಂದ ಹೊರಡಲೇ ಇಲ್ಲ. ಗ್ಯಾಸ್ ಅನ್ನುವುದು ಮರ್ಯಾದೆಯ ಮಾತು. ಅದನ್ನು ಹಿರಿಯರ ಮುಂದೆಯೂ ಆಡಬಹುದು.

ನಾನು ಅಂಗನವಾಡಿ ಕಾರ್ಯಕರ್ತೆ. ಓಣಿಯವರಿಗೆ ಟೀಚರ್, ವಯಸ್ಸಾದವರಿಗೆ ಅಕ್ಕೋರು. ಮಕ್ಕಳನ್ನು ತೂಗಿ ಕಾರ್ಡಿನಲ್ಲಿ ಚುಕ್ಕೆ ಇಡುವುದು, ಬಾಣಂತಿಯರ ಮನೆಗೆ ಹೋಗುವುದು, ರಕ್ತ ಕಡಿಮೆ ಇದ್ದವರಿಗೆ ಕಬ್ಬಿಣದ ಗುಳಿಗೆ ಹಂಚುವುದು ನನ್ನ ಕೆಲಸ. ಆ ನಾಲ್ಕು ವರ್ಷಗಳಲ್ಲಿ ನನಗೇ ರಕ್ತವಿರಲಿಲ್ಲ. ಬಳೆ ಮೊಣಕೈಯವರೆಗೆ ಜಾರುತ್ತಿತ್ತು. ಬಾಯಲ್ಲಿ ಹುಣ್ಣು. ರಿಜಿಸ್ಟರುಗಳ ಚೀಲದ ತಳದಲ್ಲಿ ಯಾವಾಗಲೂ ಒಂದು ಲಂಗ, ಒಂದು ಹಳೆಯ ಟವೆಲ್ ಇರುತ್ತಿತ್ತು. ಕೇಂದ್ರದ ಸಂಡಾಸಕ್ಕೆ ನೀರು ಬರುತ್ತಿರಲಿಲ್ಲ. ಹಿಂದಿನ ಮನೆಯವರ ಸಂಡಾಸಕ್ಕೆ ಎಷ್ಟು ಸಲ ಹೋಗುವುದೆಂದು, ಬೆಳಗ್ಗೆ ಏನೂ ತಿನ್ನದೆ ಮಧ್ಯಾಹ್ನದವರೆಗೆ ಹಲ್ಲು ಕಚ್ಚಿ ಕೂಡುವುದನ್ನು ಕಲಿತೆ. ಮಕ್ಕಳಿಗೆ ಹಾಡು ಹೇಳಿಕೊಡುತ್ತಾ ಹಾಡಿನ ಮಧ್ಯೆ ಎದ್ದು ಓಡಿದ ದಿನಗಳಿವೆ. ಓಡಿದರೂ ತಡವಾದ ದಿನಗಳೂ ಇವೆ. ಅವನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ನನ್ನ ತವರು ದಂಡೋತಿ. ಕಾಗಿಣಾ ನದಿಯ ದಂಡೆಯ ಊರು. ಅಲ್ಲಿಗೆ ಹೋಗಿ ಎಂಟು ದಿನ ಇದ್ದರೆ ನನ್ನ ಹೊಟ್ಟೆ ಸುಮ್ಮನಾಗುತ್ತಿತ್ತು. ವಾಡಿಗೆ ಮರಳಿದ ಮೂರನೆಯ ದಿನ ಮತ್ತೆ ಶುರು. ಅತ್ತೆ ಇದನ್ನು ಗಮನಿಸಿದ್ದರು.

"ತವರುಮನಿ ನೀರು ಅಮೃತ ಅದ ಏನ್ ಸುಜಾತಾ? ಅಲ್ಲಿಗಿ ಹೋದ್ರ ಗುಣ, ನಮ್ಮನಿ ಹೊಸ್ತಿಲ ತುಳಿದ್ರ ಬ್ಯಾನಿ. ನಮ್ಮ ಹೊಸ್ತಿಲಕ್ಕ ಏನ್ ವಿಷ ಹಚ್ಚೀವಿ?"

ಖರೆ ಹೇಳಬೇಕೆಂದರೆ, ನನಗೇ ಅನುಮಾನ ಬಂದಿತ್ತು. ಕೆಲಸಗಳ್ಳತನಕ್ಕೆ ನನ್ನ ಹೊಟ್ಟೆಯೇ ನಾಟಕ ಕಲಿತಿದೆಯೋ ಏನೋ ಎಂದು.

ಒಂದು ದಿನ ಕೇಂದ್ರದಲ್ಲಿ ಮಗುವನ್ನು ತಕ್ಕಡಿಯ ಜೋಳಿಗೆಗೆ ಇಳಿಸುವಾಗ ಕಣ್ಣು ಕತ್ತಲೆ ಬಂತು. ಮಗುವಿನ ತಾಯಿ ಮೊದಲು ಮಗುವನ್ನು ಹಿಡಿದಳು, ಆಮೇಲೆ ನನ್ನನ್ನು. ಅಂದು ಸಂಜೆ ನಮ್ಮ ಮನೆಯವರು, ಅವರು ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾರೆ, ರಜೆ ಬರೆದುಕೊಟ್ಟು ಬಂದರು. ಮರುದಿನ ಕಲಬುರಗಿಗೆ ಹೊರಟೆವು. ಅತ್ತೆಯೂ ಬಂದರು. ಬಸ್ಸು ಬೇಡ, ರೈಲಿಗೆ ಹೋಗೋಣ ಎಂದು ನಾನು ಹಟ ಹಿಡಿದೆ. ರೈಲಿನಲ್ಲಿ ಸಂಡಾಸ ಇರುತ್ತದೆ ಎಂಬ ಕಾರಣ ಹೇಳಲಿಲ್ಲ. ಶಹಾಬಾದ ಬರುವುದರೊಳಗೆ ಎರಡು ಸಲ ಎದ್ದೆ. ಎದುರಿಗೆ ಕುಳಿತ ಹೆಂಗಸು ಏನೂ ಕೇಳದೆ ತನ್ನ ಚೀಲವನ್ನು ಕಾಲ ಬಳಿಯಿಂದ ಸರಿಸಿ ದಾರಿ ಮಾಡಿಕೊಟ್ಟಳು. ಆ ಚೀಲ ಸರಿಸಿದ್ದು ನನಗೆ ಈಗಲೂ ನೆನಪಿದೆ.

ಹೊಟ್ಟೆಯ ಡಾಕ್ಟರು ನನ್ನ ರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು. "ಏನ್ ತ್ರಾಸ್ ಅದ ಅಕ್ಕೋರೆ?"

"ಗ್ಯಾಸ್ ರೀ."

"ಗ್ಯಾಸ್ ಬಿಡ್ರಿ. ದಿನಕ್ಕ ಎಷ್ಟು ಸರ್ತಿ ಹೋಗ್ತೀರಿ?"

ನಾನು ಮೇಜಿನ ಮೇಲಿನ ಕಾಗದ ನೋಡುತ್ತಾ ಕುಳಿತೆ. ಪಕ್ಕದಲ್ಲಿ ಗಂಡ. ಹಿಂದೆ ಅತ್ತೆ. ಅತ್ತೆಗೆ ತಡೆಯಲಾಗಲಿಲ್ಲ.

"ಅಕಿನ್ನೇನ್ ಕೇಳ್ತೀರಿ ಸಾಹೇಬ್ರ, ನನ್ನ ಕೇಳ್ರಿ. ಇಕಿಗಿ ತವರಿಗಿ ಹೋದ್ರ ಎಲ್ಲಾ ಗುಣ ಆಗ್ತದ. ನಮ್ಮನ್ಯಾಗಷ್ಟೇ ಈ ಬ್ಯಾನಿ."

ಡಾಕ್ಟರು ನಗುತ್ತಾರೆಂದುಕೊಂಡೆ. ಅವರು ಬರೆಯುವುದನ್ನು ನಿಲ್ಲಿಸಿದರು. "ಇನ್ನೊಮ್ಮೆ ಹೇಳ್ರಿ ಆಯಿ. ತವರಾಗ ಏನ್ ಊಟ?"

"ಏನ್ ಇರ್ತದ್ರಿ, ಜ್ವಾಳದ ರೊಟ್ಟಿ, ಪುಂಡಿಪಲ್ಯ."

"ನಿಮ್ಮನ್ಯಾಗ?"

"ನಮ್ಮನ್ಯಾಗ ಎರಡ್ಹೊತ್ತೂ ಚಪಾತಿ. ನನ್ನ ಹಲ್ಲು ಬಿದ್ದಾವ ನೋಡ್ರಿ, ರೊಟ್ಟಿ ಕಡಿಲಿಕ್ಕಿ ಆಗಂಗಿಲ್ಲ. ಇಕಿ ತಬಿಯತ್ ಕೆಟ್ಟಾಗಂತೂ ಮೆತ್ತಗಿಂದೇ ಕೊಡ್ತೀವಿ. ಹಾಲು ಬ್ರೆಡ್ಡು, ತೆಳ್ಳನ ಉಪ್ಪಿಟ್ಟು. ನಾವೇನ್ ಉಪಾಸ ಕೆಡವಿಲ್ರಿ."

ಹೀಗೆ, ನಾಲ್ಕು ವರ್ಷ ನಾನು ಬಾಯಿ ಬಿಟ್ಟು ಹೇಳದ ರೋಗದ ಗುಟ್ಟನ್ನು ನನ್ನ ಅತ್ತೆ ನನ್ನ ಮೇಲೆ ದೂರು ಹೇಳುವ ಹುಮ್ಮಸ್ಸಿನಲ್ಲಿ ಡಾಕ್ಟರ ಕೈಗೆ ಕೊಟ್ಟರು. ರಕ್ತ ಪರೀಕ್ಷೆ ಆಯಿತು. ಗಂಟಲಿನಿಂದ ನಳಿಗೆ ಇಳಿಸಿ ಸಣ್ಣ ಕರುಳಿನ ಚೂರು ತೆಗೆದರು. ವರದಿ ಬಂದ ದಿನ ನಾನು, ನಮ್ಮ ಮನೆಯವರು ಇಬ್ಬರೇ ಹೋಗಿದ್ದೆವು. ಗೋಧಿ ನನ್ನ ಕರುಳಿಗೆ ಆಗಿಬರುವುದಿಲ್ಲವಂತೆ. ಗೋಧಿ, ಮೈದಾ, ರವೆ, ಶಾವಿಗೆ ಎಲ್ಲ ಬಂದ್, ಜೀವ ಇರುವ ತನಕ. ನಮ್ಮ ಕಡೆ ಜನ ಜೋಳ ತಿನ್ನುವುದರಿಂದ ಈ ರೋಗ ಅಪರೂಪ, ಇದ್ದರೂ ಗೊತ್ತಾಗದೆ ಹೋಗುತ್ತದೆ ಅಂದರು. ಹೆಸರೇನೋ ಬರೆದುಕೊಟ್ಟರು, ಸೀಲಿಯಾಕ್ ಎಂದು. ಹೆಸರಿಗಿಂತ ನನಗೆ ಸಮಾಧಾನ ತಂದದ್ದು ಬೇರೆ. ನನ್ನ ಹೊಟ್ಟೆ ನಾಟಕ ಮಾಡುತ್ತಿರಲಿಲ್ಲ.

ಮನೆಯವರು ಗುಳಿಗೆ ತರಲು ಕೆಳಗೆ ಹೋದಾಗ ಡಾಕ್ಟರು ಕೇಳಿದರು. "ಮಕ್ಳು?"

"ಒಬ್ಬಾಕಿ ಮಗಳ್ರಿ. ಹನ್ನೆರಡು ವರ್ಷ."

"ಅಕಿನ್ನ ಕರ್ಕೊಂಡು ಬರ್ರಿ. ಇದು ತಾಯಿಂದ ಮಕ್ಕಳಿಗಿ ಬರ್ಬಹುದು. ರಕ್ತ ನೋಡೂಣು. ಒಂದು ಮಾತು ನೆಪ್ಪಿಡ್ರಿ. ತಪಾಸಣಿ ಆಗೋ ತನಕ ಅಕಿದು ಚಪಾತಿ ಬಿಡಿಸ್ಬ್ಯಾಡ್ರಿ. ಬಿಡಿಸಿದ್ರಿ ಅಂದ್ರ ರೋಗ ಅಡಗಿ ಕುಂದರ್ತದ. ನಮಗ ಏನೂ ಸಿಗಂಗಿಲ್ಲ."

ಈ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಂಡೆ. ಕೇಳಿಸಲಿಲ್ಲ, ತಿಳಿಯಲಿಲ್ಲ ಎಂದು ಬರೆದರೆ ಈ ಬರಹವೂ ಸುಳ್ಳಾಗುತ್ತದೆ.

ನಾನು ಪೂಜಾಳನ್ನು ಕರೆದುಕೊಂಡು ಹೋಗಲಿಲ್ಲ. ಒಂಬತ್ತು ತಿಂಗಳು ಹೋಗಲಿಲ್ಲ.

ಕಾರಣ ಅಲ್ಮಾರಿಯಲ್ಲಿತ್ತು. ಅವಳ ತಾಯಿ ಕಾರ್ಡು. ಮಗು ಹುಟ್ಟಿದಾಗಿನಿಂದ ಐದು ವರ್ಷದವರೆಗೆ ತಿಂಗಳ ತೂಕವನ್ನು ಗುರುತಿಸುವ ಕಾರ್ಡು. ಅದರಲ್ಲಿ ಮೂರು ಬಣ್ಣದ ಪಟ್ಟಿಗಳಿರುತ್ತವೆ. ಮಗು ಸರಿಯಾಗಿ ಬೆಳೆಯುತ್ತಿದ್ದರೆ ಚುಕ್ಕೆ ಹಸಿರಿನಲ್ಲಿ ಬೀಳುತ್ತದೆ, ಸೊರಗಿದರೆ ಹಳದಿ, ಅಪಾಯಕ್ಕೆ ಬಂದರೆ ಕೆಂಪು. ಪೂಜಾ ನನ್ನ ಕೇಂದ್ರದಲ್ಲಿಯೇ ಬೆಳೆದವಳು. ಎರಡು ವರ್ಷದವರೆಗೆ ಚೆನ್ನಾಗಿದ್ದಳು. ಆಮೇಲೆ ಮೇಲಿಂದ ಮೇಲೆ ಸಂಡಾಸ ಹತ್ತಿತು, ಹೊಟ್ಟೆ ಉಬ್ಬಿತು, ಕೈಕಾಲು ಕಡ್ಡಿಯಾದವು. ಆ ದಿನಗಳಲ್ಲೇ ಒಮ್ಮೆ ನಾನು ಓಣಿಯ ಒಬ್ಬ ತಾಯಿಗೆ ಜೋರು ಮಾಡಿದ್ದೆ, ಮಗುವಿಗೆ ಸರಿಯಾಗಿ ಉಣಿಸುವುದಿಲ್ಲ ಎಂದು. ಆಕೆ ಪೂಜಾಳನ್ನು ತಲೆಯಿಂದ ಕಾಲಿನವರೆಗೆ ನೋಡಿ ಅಂದಳು, "ನಿಮ್ಮಕಿನೂ ನಮ್ಮ ಹುಡುಗನ ಸರೀನೇ ಅದಾಳಲ್ರಿ ಟೀಚರಮ್ಮ. ನೀವ್ ಏನ್ ಉಣಸ್ತೀರಿ?"

ಸುತ್ತಲಿನ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

ಆ ತಿಂಗಳು ತಕ್ಕಡಿಯ ಮುಳ್ಳು ಹಳದಿಯ ತೂಕ ತೋರಿಸಿತು. ನಾನು ಚುಕ್ಕೆಯನ್ನು ಹಸಿರಿನಲ್ಲಿಟ್ಟೆ. ಮುಂದಿನ ತಿಂಗಳು ಹೇಗಿದ್ದರೂ ಸರಿಹೋಗುತ್ತಾಳೆ, ಆಗ ಲೆಕ್ಕ ಕೂಡುತ್ತದೆ ಎಂದುಕೊಂಡೆ. ಅವಳು ಸರಿಹೋಗಲಿಲ್ಲ. ನಾನು ಚುಕ್ಕೆ ಇಡುತ್ತಲೇ ಹೋದೆ. ಒಂದು ಸುಳ್ಳು ಚುಕ್ಕೆಯ ಪಕ್ಕದಲ್ಲಿ ಖರೆ ಚುಕ್ಕೆ ಇಟ್ಟರೆ ಗೆರೆ ಒಮ್ಮೆಲೇ ಕೆಳಗೆ ಬೀಳುತ್ತದೆ, ಎಲ್ಲರ ಕಣ್ಣಿಗೂ ಬೀಳುತ್ತದೆ. ಮೂರು ವರ್ಷ ನನ್ನ ಮಗಳು ಕಾಗದದ ಮೇಲೆ ಚೆಂದಾಗಿ ಬೆಳೆದಳು.

ಹನ್ನೆರಡಕ್ಕೆ ಅವಳು ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ. ಪ್ರಾರ್ಥನೆಯ ಸಾಲಿನಲ್ಲಿ ಮೊದಲಿಗೆ ನಿಲ್ಲುವವಳು. "ನಮ್ಮ ವಂಶಾನೇ ಗಿಡ್ಡದವ್ವ" ಎಂದು ಅತ್ತೆ ಹೇಳುತ್ತಿದ್ದರು, ನಾನು ಆ ಮಾತಿನ ಹಿಂದೆ ನಿಂತುಕೊಳ್ಳುತ್ತಿದ್ದೆ. ಡಾಕ್ಟರ ಹತ್ತಿರ ಹೋದರೆ ಎಂದಿನಿಂದ ಎಂದು ಕೇಳುತ್ತಾರೆ, ಕಾರ್ಡು ಕೇಳುತ್ತಾರೆ. ಅದಕ್ಕೆ ನಾನು ಬೇರೆ ಉಪಾಯ ಮಾಡಿದೆ. ಅತ್ತೆಗೆ, ಮನೆಯವರಿಗೆ ಚಪಾತಿ. ನನಗೆ ರೊಟ್ಟಿ. "ನನ್ನ ಜೋಡಿ ನೀನೂ ರೊಟ್ಟಿ ತಿನ್ನು ಪೂಜಾ, ನನಗೊಬ್ಬಾಕಿಗೇ ಬ್ಯಾಸರ" ಎಂದು ಅವಳ ತಾಟಿಗೂ ರೊಟ್ಟಿ ಹಾಕತೊಡಗಿದೆ. ಬಿಸ್ಕೀಟು ನಿಲ್ಲಿಸಿದೆ. ಡಾಕ್ಟರು ಬೇಡ ಅಂದದ್ದನ್ನೇ ಮಾಡಿದೆ. ಯಾರಿಗೂ ತಿಳಿಯದಂತೆ ಮಗಳನ್ನು ಗುಣಮಾಡಿಬಿಡುತ್ತೇನೆ ಎಂದುಕೊಂಡೆ.

ಅವಳಿಗೆ ಆಗಾಗ ಬರುತ್ತಿದ್ದ ಹೊಟ್ಟೆನೋವು ಕಡಿಮೆಯಾಯಿತು ಕೂಡ. ನಾನು ಒಳಗೊಳಗೇ ನನ್ನ ಬೆನ್ನು ತಟ್ಟಿಕೊಂಡೆ. ಅಷ್ಟರಲ್ಲಿ ನನಗೂ ಮೈ ತುಂಬಿತು, ಬಳೆ ಮಣಿಕಟ್ಟಿನಲ್ಲಿ ನಿಂತಿತು. ಓಣಿಯವರು "ಯಾವ ಟಾನಿಕ್ ತೊಗೊಂಡ್ರಿ ಟೀಚರ್?" ಎಂದು ಕೇಳುತ್ತಿದ್ದರು.

ಒಂದು ಮುಂಜಾನೆ ಪೂಜಾ ಬಚ್ಚಲ ಮುಂದೆ ಜಾರಿ ಬಿದ್ದಳು. ಬಿದ್ದದ್ದು ಅಂಥ ಜೋರೇನಲ್ಲ, ಕೈ ಊರಿದಳು ಅಷ್ಟೇ. ಮಣಿಕಟ್ಟು ಮುರಿಯಿತು. ಎಲುಬಿನ ಡಾಕ್ಟರು ಎಕ್ಸ್‌ರೇ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಇಷ್ಟು ಸಣ್ಣ ಹುಡುಗಿಯ ಎಲುಬು ಇಷ್ಟು ಟೊಳ್ಳಾಗಬಾರದು, ಹೊಟ್ಟೆಯವರಿಗೆ ತೋರಿಸಿ ಅಂದರು. ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಕೈಗೆ ಪಟ್ಟಿ ಹಾಕಿಸಿಕೊಂಡ ಮಗಳು, ಗಂಡ, ನಾನು, ಮತ್ತೆ ಅದೇ ರೈಲು. ನಮ್ಮ ಮನೆಯವರು ಕಾರ್ಡನ್ನು ತಾವೇ ಹುಡುಕಿ ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡಿದ್ದರು. ಟೀಚರ ಮಗಳ ಕಾರ್ಡು ಎಂದು ಅವರಿಗೆ ಹೆಮ್ಮೆ.

ರಕ್ತ ಕೊಟ್ಟು ಬಂದೆವು. ಒಂದು ವಾರ ಕಳೆದ ಮೇಲೆ ವರದಿಗೆ ಹೋದೆವು. ಡಾಕ್ಟರು ವರದಿ ನೋಡಿದರು, ಕಾರ್ಡು ಬಿಡಿಸಿ ಮೇಜಿನ ಮೇಲೆ ಹರಡಿದರು.

"ರಕ್ತದಾಗ ಏನೂ ಸಿಕ್ಕಿಲ್ಲ. ಕಾರ್ಡ್ ನೋಡ್ರಿ, ಐದು ವರ್ಷದ ತನಕ ಎಷ್ಟು ಚಂದ ಬೆಳ್ದಾಳ. ನಿಮ್ಮ ಬ್ಯಾನಿ ಅಕಿಗಿಲ್ಲ ಅನಸ್ತದ ಅಕ್ಕೋರೆ. ಎತ್ತರ ನಿಂತದ್ದಕ್ಕ ಬ್ಯಾರೆ ಏನರ ಕಾರಣ ಇರ್ಬೇಕು. ಹೈದರಾಬಾದಿಗಿ ಬರ್ದು ಕೊಡ್ತೀನಿ, ಅಲ್ಲಿ ತಪಾಸಣಿ ಮಾಡಸ್ರಿ."

"ಉಳಿದ್ಲು ಬಿಡ್ರಿ," ನಮ್ಮ ಮನೆಯವರ ಮುಖ ಅರಳಿತು. "ಪೂಜಾ, ನೀ ಚಪಾತಿ ತಿನ್ಬಹುದು ನೋಡು!"

ಡಾಕ್ಟರು ಚೀಟಿ ಬರೆಯಲು ಶುರು ಮಾಡಿದರು. ಪೆನ್ನು ಓಡುವುದು ಕಾಣುತ್ತಿತ್ತು. ರಕ್ತ ಯಾಕೆ ಚೊಕ್ಕ ಬಂತು, ಕಾರ್ಡು ಯಾಕೆ ಹಸಿರಾಗಿದೆ ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಗಳು ಹೈದರಾಬಾದಿನಲ್ಲಿ ಇಲ್ಲದ ರೋಗಗಳಿಗೆ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದಳು, ಮನೆಯಲ್ಲಿ ಅಪ್ಪ ಖುಷಿಯಿಂದ ಚಪಾತಿ ಹಾಕುತ್ತಿದ್ದರು. ಇದೆಲ್ಲ ಗೊತ್ತಿದ್ದೂ ಚೀಟಿ ಅರ್ಧ ಆಗುವ ತನಕ ನಾನು ಸುಮ್ಮನೇ ಇದ್ದೆ. ಅಷ್ಟು ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು.

"ಕಾರ್ಡ್ ಸುಳ್ಳದ್ರಿ," ಅಂದೆ.

"ಏನಂದ್ರಿ?"

"ಚುಕ್ಕಿ ನಾನೇ ಇಟ್ಟೀನ್ರಿ. ಎರಡು ವರ್ಷದಾಕಿ ಆದಾಗಿಂದ ಅಕಿ ತೂಕ ಬಿದ್ದಿತ್ತು. ಮತ್ತ... ಒಂಬತ್ತು ತಿಂಗಳಾತು, ಅಕಿಗಿ ಚಪಾತಿ ಕೊಟ್ಟಿಲ್ರಿ. ನೀವು ಬ್ಯಾಡ ಅಂದಿದ್ರಿ. ಆದ್ರೂ ಬಿಡಿಸೀನಿ."

ಡಾಕ್ಟರು ಬೈಯಲಿಲ್ಲ. ಚೀಟಿಯನ್ನು ಎರಡಾಗಿ ಹರಿದರು. "ಗ್ಯಾಸ್ ಅಂತ ಹೇಳ್ಕೊಂಡು ಬಂದಿದ್ದೋರು ನೀವೇ ಅಲ್ಲೇನ್ರಿ ಅಕ್ಕೋರೆ?" ಅಂದರು, ಅಷ್ಟೇ. ಆಮೇಲೆ ಪೂಜಾಳ ಕಡೆಗೆ ತಿರುಗಿ ಅವಳಿಗೇ ನೇರವಾಗಿ ಹೇಳಿದರು. "ಮಗಾ, ಈಗ ನಿನಗ ತ್ರಾಸ್ ಕೊಡೋ ಊಟಾನೇ ಕೊಡ್ಬೇಕಾಗ್ಯಾದ. ದಿನಾ ಎರಡು ಚಪಾತಿ, ಎಂಟು ವಾರ. ಆಮ್ಯಾಲ ಒಳಗ ನೋಡ್ತೀವಿ. ಖಾತ್ರಿ ಇಲ್ದ ಜೀವನ ಪೂರ್ತಿ ಗೋಧಿ ಬಿಡು ಅಂತ ಹೆಂಗ ಹೇಳ್ಲಿ? ಭಾಳ ತ್ರಾಸ್ ಆದ್ರ ಫೋನ್ ಮಾಡ್ರಿ, ನಿಲ್ಲಸೂಣು."

ರೈಲಿನಲ್ಲಿ ನಮ್ಮ ಮನೆಯವರು ನಮ್ಮ ಜೊತೆ ಕೂಡಲಿಲ್ಲ. ಶಹಾಬಾದ ದಾಟುವವರೆಗೆ ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಬಂದು, "ನನಗರ ಹೇಳ್ಬೇಕಿತ್ತು" ಅಂದರು. ಪೂಜಾ ಪಟ್ಟಿಯ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು.

"ಮಮ್ಮಿ, ನಾ ಹಳದಿದಾಗ ಇದ್ನೋ, ಕೆಂಪಿನಾಗ ಇದ್ನೋ?"

"ಹಳದಿ," ಅಂದೆ. ಆಮೇಲೆ, "ಎರಡು ತಿಂಗಳು ಕೆಂಪು."

ಅವಳು ಮತ್ತೇನೂ ಕೇಳಲಿಲ್ಲ.

ಅತ್ತೆ ಕೇಳಿದರು. ಮನೆಗೆ ಬಂದು ವಿಷಯ ತಿಳಿದದ್ದೇ, ಓಣಿಗೆ ಕೇಳುವಂತೆ. "ಊರ ಮಕ್ಕಳನ್ನೆಲ್ಲಾ ತೂಗಾಕಿ, ನಿನ್ನ ಮಗಳೇ ನಿನ್ನ ತಕ್ಕಡಿಗಿ ಭಾರ ಆಗಿದ್ಲೇನ?" ಮರುದಿನ ಮುಂಜಾನೆ ನಾನು ಗೋಧಿ ಹಿಟ್ಟಿನ ಡಬ್ಬಿ ತೆಗೆದೆ. ಮುಚ್ಚಳ ತೆಗೆದವಳು ಹಾಗೇ ನಿಂತುಬಿಟ್ಟೆ. ಅತ್ತೆ ಬಂದು ಡಬ್ಬಿ ಕಸಿದುಕೊಂಡರು.

"ಸರಿ ಅತ್ಲಾಗ. ನಿನಗ ಈ ಹಿಟ್ಟು ಆಗಿಬರಂಗಿಲ್ಲ. ನಾ ಮಾಡ್ತೀನಿ."

"ನಿಮ್ಮ ಕೈ ನಡಗ್ತಾವ ಅತ್ತಿ."

"ನಡಗಿದ್ರ ಚಪಾತಿ ಸೊಟ್ಟ ಆಗ್ತಾವ. ಏನ್ ಲಗ್ನಕ್ಕ ತೋರ್ಸೋದದ?"

ಎಂಟು ವಾರ ಅವರೇ ಲಟ್ಟಿಸಿದರು, ಭಾರತದ ನಕ್ಷೆಯಂಥ ಚಪಾತಿಗಳನ್ನು. ಮಗಳಿಗೆ ನನ್ನ ಕೈಯಿಂದ ಅದನ್ನು ಉಣಿಸುವ ಪಾಪ ನನಗೆ ಬೇಡವೆಂದೇ ಅವರು ಹಾಗೆ ಮಾಡಿದರು ಎಂದು ನನಗೆ ಗೊತ್ತು.

ಎರಡನೆಯ ವಾರಕ್ಕೆ ಪೂಜಾಳ ಹೊಟ್ಟೆ ಉಬ್ಬಿತು. ಮೂರನೆಯ ವಾರ ಒಂದು ದಿನ ಶಾಲೆಯಿಂದ ನಡು ಹೊತ್ತಿಗೇ ಬಂದಳು. ಯೂನಿಫಾರ್ಮಿನ ವೇಲನ್ನು ಭುಜದಿಂದ ತೆಗೆದು ಸೊಂಟಕ್ಕೆ ಸುತ್ತಿಕೊಂಡಿದ್ದಳು. ಯಾಕೆ ಸುತ್ತಿಕೊಂಡಿದ್ದಾಳೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನೀರು ಕಾಯಿಸಿಕೊಟ್ಟೆ. ಬಟ್ಟೆ ನೆನೆಹಾಕಿದೆ. ಜಳಕ ಮಾಡಿ ಬಂದವಳನ್ನು ಕೇಳಿದೆ, "ಮೇಡಮ್‌ಗ ಏನಂತ ಹೇಳಿ ಬಂದಿ?"

"ಗ್ಯಾಸ್ ಆಗ್ಯಾದ ಅಂತ."

ನನ್ನ ರೋಗ ಅವಳಿಗೆ ಹೋದದ್ದು ನನ್ನ ಕೈಯಲ್ಲಿರಲಿಲ್ಲ. ಈ ಮಾತನ್ನು ಕೊಟ್ಟವಳು ಮಾತ್ರ ನಾನೇ.

ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಜೀವನದಲ್ಲಿ ಯಾರಿಗೂ ಹೇಳದ್ದನ್ನೆಲ್ಲ ಹೇಳಿದೆ. ಎಷ್ಟು ಸಲ ಹೋಗುತ್ತಿದ್ದೆ, ಅದು ಹೇಗೆ ತೇಲುತ್ತಿತ್ತು, ಊದಿನಕಡ್ಡಿ, ಚೀಲದ ತಳದ ಲಂಗ, ಹಾಡಿನ ಮಧ್ಯೆ ಓಡಿದ್ದು. ಅವಳು ಮೊದಲು "ಛೀ ಮಮ್ಮಿ" ಎಂದು ಮುಖ ಮುಚ್ಚಿಕೊಂಡಳು. ಆಮೇಲೆ ಬೆರಳುಗಳ ಸಂದಿಯಿಂದ, "ನಂದೂ ತೇಲ್ತದ" ಅಂದಳು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. "ಹೇಲಿನ ಮಾತಿಗಿ ಏನ್ ನಗ್ತೀರೇ, ಊಟದ ಹೊತ್ತಿನಾಗ?" ಎಂದು ಅತ್ತೆ ಅಡುಗೆಮನೆಯಿಂದ ಕೂಗಿದರು. ನಮ್ಮ ಮನೆಯಲ್ಲಿ ಆ ಶಬ್ದ ಅಷ್ಟು ಜೋರಾಗಿ ಕೇಳಿಸಿದ್ದು ಅದೇ ಮೊದಲು.

ಎಂಟು ವಾರ ಮುಗಿಸಿದಳು. ನಿಲ್ಲಿಸೋಣವೇ ಎಂದು ನಾನು ಎರಡು ಸಲ ಕೇಳಿದೆ, ಬೇಡ ಅಂದಳು. ನಳಿಗೆ ಇಳಿಸುವಾಗ ನಾನು ಹೊರಗಿನ ಬೆಂಚಿನಲ್ಲಿ ಕುಳಿತಿದ್ದೆ. ನಮ್ಮ ಮನೆಯವರು ಚಹಾ ತಂದು ಒಂದು ಕಪ್ಪನ್ನು ನನ್ನ ಕೈಗಿಟ್ಟರು. ರೈಲಿನ ಆ ದಿನದ ನಂತರ ಅವರು ನನ್ನ ಪಕ್ಕದಲ್ಲಿ ಕುಳಿತದ್ದು ಅಂದೇ ಮೊದಲು.

ವರದಿಯಲ್ಲಿ ನನ್ನದೇ ರೋಗ ಬಂತು. ಬೇಗ ಸಿಕ್ಕಿದೆ, ಇನ್ನೂ ಬೆಳೆಯುವ ವಯಸ್ಸು, ಎತ್ತರವೂ ಎಲುಬೂ ಬಹಳಷ್ಟು ಸರಿಹೋಗಬಹುದು ಎಂದು ಡಾಕ್ಟರು ಹೇಳಿದರು. ಬೇಗ ಎಂಬ ಅವರ ಮಾತನ್ನು ನಾನು ತಲೆ ತಗ್ಗಿಸಿ ಕೇಳಿದೆ. ಅದು ಎರಡು ವರ್ಷದ ವಯಸ್ಸಿನಲ್ಲೇ ಸಿಗಬಹುದಿತ್ತು. ತಕ್ಕಡಿ ಹೇಳಿತ್ತು.

ಇದನ್ನು ಓದುವ ತಾಯಂದಿರಲ್ಲಿ ನನ್ನ ಕೇಳಿಕೆ ಇಷ್ಟೇ. ಡಾಕ್ಟರ ಮುಂದೆ ಮರ್ಯಾದೆಯ ಮಾತು ಹುಡುಕಬೇಡಿ, ಆದದ್ದನ್ನು ಆದಂತೆ ಹೇಳಿ. ಗೋಧಿಯ ಮೇಲೆ ಅನುಮಾನ ಬಂದರೆ ತಪಾಸಣೆಗೆ ಮುಂಚೆ ಮನೆಯಲ್ಲಿ ಗುಟ್ಟಾಗಿ ಬಿಡಿಸಬೇಡಿ. ಕಾರ್ಡಿನ ಹಳದಿ ಚುಕ್ಕೆ ತಾಯಿಗೆ ಕೊಟ್ಟ ಬೈಗುಳವಲ್ಲ ಎಂದು ನಾನು ಈಗ ಕೇಂದ್ರದಲ್ಲಿ ಹೇಳುತ್ತೇನೆ. ಹೇಳುವಾಗ ಕಣ್ಣೆತ್ತಿ ನೋಡಲು ಇನ್ನೂ ಆಗುವುದಿಲ್ಲ.

ವರದಿ ಬಂದ ದಿನವೇ ಪೂಜಾಳ ಹೆಸರಿನಲ್ಲಿ ಹೊಸ ಫೈಲು ತೆರೆದರು. ಚಿಕ್ಕ ವಯಸ್ಸಿನ ಸಿಸ್ಟರ್ ಒಬ್ಬಳು ಹೆಸರು, ಊರು, ವಯಸ್ಸು ಬರೆದುಕೊಂಡು ನನ್ನ ಕಡೆ ನೋಡಿ ಕೇಳಿದಳು, "ತ್ರಾಸ್ ಯಾವಾಗಿಂದ ಅದ್ರಿ?"

ನಾನು ಬಾಯಿ ತೆರೆದೆ. ಮಾತು ಹೊರಡುವುದರೊಳಗೆ ಪೂಜಾ ಹೇಳಿದಳು.

"ಎರಡು ವರ್ಷದಾಕಿ ಇದ್ದಾಗಿಂದ್ರಿ. ಸಂಡಾಸ ಭಾಳ ಆಗ್ತಿತ್ತು, ತೂಕ ಬಿದ್ದಿತ್ತು."

"ಅಷ್ಟು ಸಣ್ಣಾಕಿದ್ದಾಗಿಂದು ನಿನಗೆಂಗ ನೆಪ್ಪದವ್ವ?" ಸಿಸ್ಟರ್ ನಕ್ಕಳು. "ಯಾರು ಹೇಳ್ಯಾರ?"

"ನಮ್ಮ ಮಮ್ಮಿ ಹೇಳ್ಯಾಳ," ಅಂದಳು ಪೂಜಾ. "ಬರ್ಕೊಳ್ರಿ, ಖರೇ ಅದ."

ಅವಳ ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಸಿಸ್ಟರ್ ಬರೆದುಕೊಂಡಳು.